ಕೈಗೆ ಭಾರ, ನೀರಿನಲ್ಲಿ ಎಷ್ಟು ಜಾಗ?

ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯ ಕೆಂಪಿಗೆ ಕಾರಣ ಕಬ್ಬಿಣ. 1923ರಲ್ಲಿ ಕೆಲಸ ಆರಂಭಿಸಿದ ಭದ್ರಾವತಿಯ ಕಾರ್ಖಾನೆಗೆ ಅದಿರು ಹೋಗುತ್ತಿದ್ದುದು ಈ ಬೆಟ್ಟದಿಂದಲೇ. ಅದಿರಿನ ಕಲ್ಲು ನೋಡಲು ಮುಷ್ಟಿಯಷ್ಟು, ಎತ್ತಲು ಬಲು ಭಾರ. ಮಕ್ಕಳೇ, ಈ ‘ಬಲು ಭಾರ’ವನ್ನು ಅಂಕಿಯಲ್ಲಿ ಹೇಳುವುದೇ ಸಾಂದ್ರತೆ. ಒಂದು ಘನ ಸೆಂಟಿಮೀಟರ್ ಜಾಗದಲ್ಲಿ ಎಷ್ಟು ಗ್ರಾಂ ಇದೆ ಎಂಬ ಲೆಕ್ಕ ಅದು.

ತೂಕಕ್ಕೆ ತಕ್ಕಡಿ ಇದೆ. ಅಂಕುಡೊಂಕಾದ ಕಲ್ಲಿನ ಗಾತ್ರ ಅಳೆಯುವುದು ಹೇಗೆ? ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ನೀರಿನ ಪಾತ್ರೆ ಇಟ್ಟು, ಅಂಕಿಯನ್ನು ಸೊನ್ನೆಗೆ ತನ್ನಿ. ಕಲ್ಲಿಗೆ ದಾರ ಕಟ್ಟಿ, ತಳಕ್ಕೂ ಅಂಚಿಗೂ ತಾಗದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ಈಗ ಕಾಣುವುದು ಕಲ್ಲಿನ ತೂಕವಲ್ಲ, ಅದು ಸರಿಸಿದ ನೀರಿನ ತೂಕ. ಒಂದು ಘನ ಸೆಂಟಿಮೀಟರ್ ನೀರು ಒಂದು ಗ್ರಾಂ ತೂಗುವುದರಿಂದ ಆ ಅಂಕಿಯೇ ಕಲ್ಲಿನ ಗಾತ್ರ.

ಎರಡು ಕಲ್ಲುಗಳು ತಲಾ 540 ಗ್ರಾಂ ಇವೆ ಎನ್ನಿ. ನೀರಿನಲ್ಲಿ ಒಂದು 200 ತೋರಿಸಿತು, ಇನ್ನೊಂದು 115. ಭಾಗಿಸಿದರೆ ಮೊದಲನೆಯದು 2.7, ಅದು ಸಾಮಾನ್ಯ ಕಲ್ಲು. ಎರಡನೆಯದು ಸುಮಾರು 4.7, ಅದು ಕಬ್ಬಿಣದ ಅದಿರಿರಬಹುದು. ಶುದ್ಧ ಹೆಮಟೈಟ್ ಅದಿರು 5.2ರ ಆಸುಪಾಸು, ಬೇರೆ ಕಲ್ಲು ಬೆರೆತಷ್ಟೂ ಅಂಕಿ ಇಳಿಯುತ್ತದೆ.

ಅಜ್ಜ ಅಜ್ಜಿಯರೇ, ಇದೇ ಲೆಕ್ಕ ಲೋಹಕ್ಕೂ ನಡೆಯುತ್ತದೆ. ಬ್ಯಾಂಕಿನಲ್ಲಿ ಚಿನ್ನದ ಸಾಲದ ಕಾಗದಪತ್ರ ನೋಡುತ್ತಿದ್ದ ನನಗೆ ಇದು ಮುಖ್ಯವೆನಿಸುತ್ತದೆ. ‘ಪಾಯ ತೋಡುವಾಗ ನಿಧಿ ಸಿಕ್ಕಿತು, ಅರ್ಧ ಬೆಲೆಗೆ ಕೊಡುತ್ತೇವೆ’ ಎಂದು ಬರುವ ವಂಚಕರು ಮೊದಲು ಒಂದು ಅಸಲಿ ನಾಣ್ಯ ಕೊಡುತ್ತಾರೆ. ಅಕ್ಕಸಾಲಿಗರು ಅದನ್ನು ಒರೆಗಲ್ಲಿಗೆ ಉಜ್ಜಿ ‘ಚಿನ್ನವೇ’ ಎನ್ನುತ್ತಾರೆ. ಆಮೇಲೆ ಬರುವ ಚೀಲದ ತುಂಬ ಹಿತ್ತಾಳೆ! ಚಿನ್ನದ ಸಾಂದ್ರತೆ 19.3, ಹಿತ್ತಾಳೆಯದು ಸುಮಾರು 8.5. ಅರ್ಧ ಕಿಲೋ ಅಪ್ಪಟ ಚಿನ್ನ ನೀರಿನಲ್ಲಿ 26 ತೋರಿಸಿದರೆ, ಹಿತ್ತಾಳೆ 59ರ ಹತ್ತಿರ ತೋರಿಸುತ್ತದೆ.

ಎರಡು ಎಚ್ಚರಿಕೆ. ಒಂದೇ ನಾಣ್ಯಕ್ಕೆ ಅಡುಗೆಮನೆಯ ತಕ್ಕಡಿ ಸಾಲದು. ಅಲ್ಲಿ ಅರ್ಧ ಗ್ರಾಂ ತಪ್ಪಿದರೂ ಉತ್ತರವೇ ಬದಲಾಗುತ್ತದೆ. ಟಂಗ್‌ಸ್ಟನ್ ಲೋಹದ ಸಾಂದ್ರತೆಯೂ 19.3, ಹಾಗಾಗಿ ಅಂಕಿ ಕೂಡಿಬಂದ ಮಾತ್ರಕ್ಕೆ ಚಿನ್ನವೆನ್ನಲಾಗದು. ಕೂಡದಿದ್ದರೆ ಅಪ್ಪಟ ಚಿನ್ನವಲ್ಲ ಎಂಬುದು ಖಚಿತ.

ಅಂದಹಾಗೆ, ನಿಧಿ ನಿಜವಾಗಿಯೇ ಸಿಕ್ಕಿದ್ದರೂ ಕರ್ನಾಟಕದ 1962ರ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಅದನ್ನು ಗುಟ್ಟಾಗಿ ಮಾರಲು ಬಂದವರಿಗೆ ಬಾಗಿಲಲ್ಲೇ ಕೈಮುಗಿಯಿರಿ.