ಕೀರ್ತಿವಂತ ದಿಗ್ದರ್ಶಕರೂ ಕೋಟಿಗಟ್ಟಲೆಯ ಚಿತ್ರಗಳೂ

೨೦೨೫ನೆಯ ಇಸವಿಯ ವಿಜಯದಶಮಿಯ ದಿವಸ ಸವಣೂರಿನ ನಮ್ಮ ಸ್ನೇಹಿತರೊಬ್ಬರು ತಮ್ಮ ಪತ್ನಿ, ಇಬ್ಬರು ಮಕ್ಕಳು ಹಾಗೂ ವೃದ್ಧ ಮಾತೋಶ್ರೀಯವರನ್ನು ಕರೆದುಕೊಂಡು ಹುಬ್ಬಳ್ಳಿಗೆ ಹೋಗಿ, ಅಂದೇ ತೆರೆಕಂಡ ‘ಕಾಂತಾರ’ದ ಎರಡನೆಯ ಚಿತ್ರವನ್ನು ನೋಡಿಕೊಂಡು ಬಂದರು. ಚಿತ್ರವು ತಮ್ಮ ಊರ ಕಡೆಗೆ ಬರುವವರೆಗೆ ತಾಳಿರೆಂದರೆ ಮಕ್ಕಳು ಕೇಳಲಿಲ್ಲವಂತೆ. ತಿರುಗಿ ಬರುವಾಗ ಬಸ್ಸಿನಲ್ಲಿಯೇ ಲೆಕ್ಕ ಹಾಕಿದರು. ಟಿಕೀಟು, ಬಸ್ಸಿನ ಚಾರ್ಜು, ಉಪಾಹಾರ, ಮಕ್ಕಳು ಹಟಹಿಡಿದು ಕೊಂಡ ತಿಂಡಿ, ಎಲ್ಲವೂ ಕೂಡಿ ಮೂರು ಸಾವಿರ ರೂಪಾಯಿಗಳ ಹತ್ತಿರ ಹೋಯಿತು. ಅದನ್ನು ಕೇಳಿದ ಮುದುಕಿಯವರು, “ಅಲ್ಲೋ ತಮ್ಮಾ, ಆ ಹುಡುಗ ಮೊದಲ್ನೇ ಸಿನಿಮಾ ಇಷ್ಟು ರೊಕ್ಕಾ ಸುರೀದನ ಮಾಡಿದ್ನಲ್ಲಾ, ಅದೂ ಚಲೋ ಇತ್ತಲ್ಲೋ?” ಎಂದರಂತೆ. ಸ್ನೇಹಿತರು ಈ ಸಂಗತಿಯನ್ನು ನಗುತ್ತ ಹೇಳಿದರು. ನಮಗೆ ಮಾತ್ರ ಆ ಪ್ರಶ್ನೆಯು ನಗೆಯಲ್ಲಿ ಕಳೆದುಬಿಡುವಂತಹದೆಂದು ತೋರಲಿಲ್ಲ.

ಪತ್ರಿಕೆಗಳಲ್ಲಿ ಬಂದ ಅಂಕಿಗಳನ್ನು ನಂಬುವದಾದರೆ ೨೦೨೨ರ ಮೊದಲನೆಯ ‘ಕಾಂತಾರ’ಕ್ಕೆ ತಗಲಿದ ವೆಚ್ಚವು ಸುಮಾರು ೧೬ ಕೋಟಿ, ಗಳಿಸಿದ್ದು ೪೦೦ ಕೋಟಿಯ ಆಚೀಚೆ. ಅದರ ದಿಗ್ದರ್ಶಕರೂ ನಾಯಕರೂ ಆದ ರಿಷಭ ಶೆಟ್ಟಿಯವರಿಗೆ ನಟನೆಗಾಗಿ ರಾಷ್ಟ್ರಪ್ರಶಸ್ತಿಯೂ ಬಂದಿತು. ಹೀಗೆ ಹೆಸರಾದವರ ಕೈಗೆ ಎರಡನೆಯ ಸಲ ಕೊಟ್ಟ ಬಂಡವಲವು ೧೨೫ ಕೋಟಿಯೆಂದು ವಾರ್ತೆ. ಆ ಚಿತ್ರವೂ ಗೆದ್ದಿತು. ಗಳಿಕೆಯು ೮೦೦ ಕೋಟಿಯನ್ನು ದಾಟಿತೆನ್ನುವರು. ಹಾಗಾದರೆ ವಾದವೇ ತೀರಿತಲ್ಲ ಎಂದು ವಾಚಕರು ಕೇಳಬಹುದು. ಗೆದ್ದ ಎತ್ತಿನ ಹಿಂದೆ ಎಲ್ಲರೂ ಓಡುವರು. ಸೋತ ಎತ್ತುಗಳ ಲೆಕ್ಕವನ್ನೂ ಒಮ್ಮೆ ನೋಡಬೇಕು.

ಈ ಭವ್ಯತೆಯ ಹುಚ್ಚು ನಮ್ಮ ಜನಕ್ಕೆ ಹೊಸದಾದುದಲ್ಲ. ಹಾನಗಲ್ಲ, ಹಿರೇಕೆರೂರ ಕಡೆಯ ನಮ್ಮ ಹಿರಿಯರು ಚಕ್ಕಡಿ ಹೂಡಿಕೊಂಡು ಶಿರಸಿಯ ಮಾರಿಕಾಂಬೆಯ ಜಾತ್ರೆಗೆ ಹೋಗುತ್ತಿದ್ದುದು ದೇವಿಯ ದರ್ಶನಕ್ಕೆಂಬುದು ನಿಜವೇ; ಆದರೆ ರಾತ್ರಿ ಕಂಪನಿಯ ನಾಟಕವಿಲ್ಲದಿದ್ದರೆ ಅವರಿಗೆ ಜಾತ್ರೆ ಆದಂತೆಯೇ ಆಗುತ್ತಿರಲಿಲ್ಲ. ಯಾವ ಕಂಪನಿಯ ಪರದೆ ಹೆಚ್ಚು ಝಗಝಗಿಸುವದು, ಯಾರ ‘ಸೀನು’ ಕಣ್ಣು ಮುಚ್ಚಿ ತೆರೆಯುವದರೊಳಗೆ ಬದಲಾಗುವದು ಎಂಬುದೇ ಹಿಂದಿರುಗುವ ದಾರಿಯುದ್ದಕ್ಕೂ ಮಾತು. ಗುಬ್ಬಿ ವೀರಣ್ಣನವರು ‘ಕುರುಕ್ಷೇತ್ರ’ ನಾಟಕದಲ್ಲಿ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದರು. ಆ ಆನೆಗೆ ಮೇವು ಹಾಕುವ ಹೊರೆ ಮಾಲಕರದೇ. ನಾಟಕ ಬಿದ್ದರೆ ಸಾಲ ತೀರಿಸುವ ಹೊರೆಯೂ ಅವರದೇ. ಇದೊಂದು ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದಕ್ಕೆ ತಿರುಗಿ ಬರುವೆವು.

ಇನ್ನು ಬೋಲಪಟದ ಕಾಲ. ಕನ್ನಡದ ಮೊದಲನೆಯ ಬೋಲಪಟವಾದ ‘ಸತೀ ಸುಲೋಚನಾ’ ೧೯೩೪ರಲ್ಲಿ ತೆರೆಕಂಡಿತು. ಅದು ತಯಾರಾದದ್ದು ನಮಗೆ ದೂರವಲ್ಲದ ಕೊಲ್ಲಾಪುರದಲ್ಲಿ. ವೆಚ್ಚವು ಸುಮಾರು ೪೦ ಸಾವಿರ ರೂಪಾಯಿ. ಅಂದಿನ ೪೦ ಸಾವಿರವನ್ನು ಇಂದಿನ ತಕ್ಕಡಿಯಲ್ಲಿ ತೂಗಬಾರದೆಂಬುದು ನಮಗೆ ಗೊತ್ತು. ಆದರೂ ರಾವಣ ಇಂದ್ರಜಿತು ಮುಂತಾದ ಅಬ್ಬರದ ಕಥೆಯನ್ನು ಆ ಮೊತ್ತದಲ್ಲಿ ಪೂರೈಸಿದವರು ನಾಟಕದ ಮಂದಿಯಾಗಿದ್ದರು. ಇದ್ದುದರಲ್ಲಿಯೇ ಒದಗಿಸಿಕೊಳ್ಳುವ ವಿದ್ಯೆ ಅವರಿಗೆ ಕರಗತವಾಗಿತ್ತು.

ನಮ್ಮ ನಾಲ್ಕು ತಾಲೂಕುಗಳ ಮಣ್ಣಿಗೆ ಸಂಬಂಧಿಸಿದ ಮಹನೀಯರ ಚಿತ್ರಗಳನ್ನೇ ನೋಡಿರಿ. ಶಿಗ್ಗಾಂವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರ ಕಥೆಯು ೧೯೬೦ರಲ್ಲಿ ‘ಭಕ್ತ ಕನಕದಾಸ’ವಾಯಿತು. ಹಿರೇಕೆರೂರಿನವರು ತಮ್ಮವನೆಂದು ಅಭಿಮಾನದಿಂದ ಹೇಳಿಕೊಳ್ಳುವ ತ್ರಿಪದಿಯ ಕವಿಯು ೧೯೬೫ರಲ್ಲಿ ‘ಸರ್ವಜ್ಞಮೂರ್ತಿ’ಯಾಗಿ ತೆರೆಗೆ ಬಂದನು. ಎರಡರಲ್ಲಿಯೂ ನಾಯಕರು ಡಾ. ರಾಜಕುಮಾರರು. ಶಿಶುನಾಳ ಶರೀಫ ಸಾಹೇಬರ (೧೮೧೯–೧೮೮೯) ಚರಿತ್ರವನ್ನು ಟಿ. ಎಸ್. ನಾಗಾಭರಣರು ೧೯೯೦ರಲ್ಲಿ ಚಿತ್ರಿಸಿದರು. ಶ್ರೀಧರರು ಶರೀಫರಾಗಿ, ಗಿರೀಶ ಕಾರ್ನಾಡರು ಗುರು ಗೋವಿಂದಭಟ್ಟರಾಗಿ ನಟಿಸಿದ್ದರು, ಸಂಗೀತ ಸಿ. ಅಶ್ವತ್ಥರದು. ರಾಷ್ಟ್ರೀಯ ಭಾವೈಕ್ಯಕ್ಕಾಗಿ ಅಂದು ಇದ್ದ ನರ್ಗೀಸ ದತ್ತ ಪ್ರಶಸ್ತಿಯು ಅದಕ್ಕೆ ಸಂದಿತು. ಆ ಚಿತ್ರದಲ್ಲಿ ಉರಿದು ಬೀಳುವ ಕೋಟೆಗಳಿಲ್ಲ, ಸಾವಿರ ಜನರ ಸೈನ್ಯವಿಲ್ಲ. ಬಯಲು, ಮಠ, ಒಬ್ಬ ಗುರು, ಒಬ್ಬ ಶಿಷ್ಯ, ಹಾಡು, ಇಷ್ಟೇ. ಶಿಶುನಾಳದ ಜಾತ್ರೆಗೆ ಎರಡೂ ಧರ್ಮದವರು ಹೋಗುವದನ್ನು ಕಂಡ ನಮ್ಮ ಕಡೆಯ ಜನ ಆ ಚಿತ್ರದಲ್ಲಿ ತಮ್ಮನ್ನೇ ಕಂಡರು. ಅದಕ್ಕೆ ಇಪ್ಪತ್ತು ಪಟ್ಟು ಹಣವನ್ನು ಕೊಟ್ಟಿದ್ದರೆ ನಾಗಾಭರಣರು ಏನನ್ನು ಹೆಚ್ಚು ಸೇರಿಸುತ್ತಿದ್ದರು? ನಾವು ಎಷ್ಟು ಯೋಚಿಸಿದರೂ ನಮಗೆ ಹೊಳೆಯಲೊಲ್ಲದು.

ಇದರಿಂದ ಬಡತನವೇ ಕಲೆಯ ತಾಯಿಯೆಂದು ನಾವು ಹೇಳುತ್ತಿರುವೆವೆಂದು ಯಾರೂ ತಿಳಿಯಬಾರದು. ಹಾಗೆನ್ನುವವರು ಸಾಮಾನ್ಯವಾಗಿ ಹೊಟ್ಟೆ ತುಂಬಿದ ವಿಮರ್ಶಕರು. ಸತ್ಯಜಿತ ರಾಯರು ‘ಪಥೇರ ಪಾಂಚಾಲಿ’ಯನ್ನು ಆರಂಭಿಸಿದಾಗ ಕೈಯಲ್ಲಿ ಹಣವಿಲ್ಲದೆ ವಿಮೆಯ ಪಾಲಿಸಿಯನ್ನು ಒತ್ತೆಯಿಟ್ಟರು, ಪತ್ನಿಯ ಆಭರಣಗಳೂ ಅಡವಿಗೆ ಹೋದವು. ತಿಂಗಳುಗಟ್ಟಲೆ ಕೆಲಸ ನಿಂತಿತು. ಕಥೆಯ ಹುಡುಗನ ದನಿ ಒಡೆದೀತೋ, ಮುದುಕಿಯ ಪಾತ್ರದ ಚುನ್ನೀಬಾಲಾದೇವಿಯವರು ಅಷ್ಟರಲ್ಲಿ ತೀರಿಕೊಂಡಾರೋ ಎಂಬ ಭಯದಲ್ಲಿಯೇ ಅವರು ದಿನಗಳನ್ನೆಣಿಸಿದರು. ಕಡೆಗೆ ಪಶ್ಚಿಮ ಬಂಗಾಲ ಸರಕಾರವು ಹಣವನ್ನು ಕೊಟ್ಟ ಮೇಲೆಯೇ ೧೯೫೫ರಲ್ಲಿ ಚಿತ್ರವು ಹೊರಬಿತ್ತು. ಯೋಗ್ಯ ದಿಗ್ದರ್ಶಕನಿಗೆ ಹಣವು ಕೊಡುವ ಮುಖ್ಯ ವಸ್ತುವು ವೈಭವವಲ್ಲ, ಸಮಯ. ಮಳೆಯ ದೃಶ್ಯಕ್ಕೆ ನಿಜವಾದ ಮಳೆಯನ್ನು ಕಾಯುವ ಸಮಯ, ತಪ್ಪಿದುದನ್ನು ಮತ್ತೊಮ್ಮೆ ಮಾಡುವ ಸಮಯ. ಅಷ್ಟನ್ನು ಕೊಡಲಾರದ ಕೃಪಣತೆಯನ್ನು ನಾವು ಎಂದಿಗೂ ಸಮರ್ಥಿಸುವದಿಲ್ಲ. ನಮ್ಮ ಕನ್ನಡದಲ್ಲಿಯೇ ‘ಸಂಸ್ಕಾರ’ ಚಿತ್ರವು (೧೯೭೦) ಒಂದು ಲಕ್ಷಕ್ಕಿಂತ ಕಡಿಮೆ ವೆಚ್ಚದಲ್ಲಿ ಮುಗಿಯಿತೆಂದು ಹೆಮ್ಮೆಯಿಂದ ಹೇಳುವದುಂಟು. ಅದಕ್ಕೆ ದೇಶದ ಅತ್ಯುತ್ತಮ ಚಿತ್ರವೆಂಬ ಪ್ರಶಸ್ತಿಯೂ ಬಂದಿತು. ಗಿರೀಶ ಕಾಸರವಳ್ಳಿಯವರಿಗಂತೂ ಅದೇ ಸ್ವರ್ಣಕಮಲವು ನಾಲ್ಕು ಸಲ ದೊರೆಯಿತು. ಅವರಿಗೆ ಯಾರಾದರೂ ೧೦೦ ಕೋಟಿಯನ್ನು ತಂದುಕೊಟ್ಟರೇ? ಕೀರ್ತಿಗೆ ತಕ್ಕ ಬಂಡವಲವೆಂದು ವಾದಿಸುವ ಧನಿಕರು ಈ ಪ್ರಶ್ನೆಗೆ ಬಂದಾಗ ಗಂಟಲು ಸರಿಮಾಡಿಕೊಳ್ಳುವರು. ಅವರು ಹಣ ಹೂಡುವದು ಕೀರ್ತಿಯ ಮೇಲಲ್ಲ, ಹಿಂದಿನ ಚಿತ್ರದ ಗಲ್ಲೆಯ ಮೇಲೆ.

ಸೋತ ಎತ್ತುಗಳ ಮಾತು ಇನ್ನೂ ಉಳಿಯಿತು. ಅಮೇರಿಕೆಯ ಮೈಕೇಲ್ ಚಿಮಿನೋ ಎಂಬ ದಿಗ್ದರ್ಶಕನ ‘ದಿ ಡಿಯರ್ ಹಂಟರ್’ ಚಿತ್ರಕ್ಕೆ ೧೯೭೯ರಲ್ಲಿ ಐದು ಆಸ್ಕರ್ ಪ್ರಶಸ್ತಿಗಳು ಬಂದವು. ಮುಂದಿನ ಚಿತ್ರವಾದ ‘ಹೆವನ್ಸ್ ಗೇಟ್’ದಲ್ಲಿ ಅವನು ಕೇಳಿದ್ದಕ್ಕೆಲ್ಲ ಯಜಮಾನರು ತಲೆಯಾಡಿಸಿದರು. ಹನ್ನೊಂದು ಹನ್ನೆರಡು ದಶಲಕ್ಷ ಡಾಲರುಗಳ ಅಂದಾಜು ೪೪ ದಶಲಕ್ಷಕ್ಕೆ ಹೋಗಿ ನಿಂತಿತು. ೧೯೮೦ರಲ್ಲಿ ತೆರೆಕಂಡಾಗ ಆ ದೇಶದಲ್ಲಿ ನಾಲ್ಕು ದಶಲಕ್ಷವೂ ಹುಟ್ಟಲಿಲ್ಲ. ಚಾರ್ಲಿ ಚಾಪ್ಲಿನ್ ಮೊದಲಾದವರು ೧೯೧೯ರಲ್ಲಿ ಕಟ್ಟಿದ ಯುನೈಟೆಡ್ ಆರ್ಟಿಸ್ಟ್ಸ್ ಸಂಸ್ಥೆಯು ಮರುವರುಷ ಪರರ ಪಾಲಾಯಿತು. ಆ ಚಿತ್ರವನ್ನು ಮೂವತ್ತು ವರ್ಷಗಳ ಮೇಲೆ ಪಂಡಿತರು ಮತ್ತೆ ಹೊಗಳತೊಡಗಿದರು, ಅದು ಬೇರೆ ಮಾತು. ಹೊಗಳಿಕೆಯಿಂದ ಸಂಸ್ಥೆಯೇನೂ ತಿರುಗಿ ಬರಲಿಲ್ಲ.

ನಮ್ಮಲ್ಲಿ ವಿ. ರವಿಚಂದ್ರನ್ನರ ಉದಾಹರಣೆಯುಂಟು. ೧೯೮೭ರ ‘ಪ್ರೇಮಲೋಕ’ದಿಂದ ಅವರು ಮನೆಮಾತಾದರು. ೧೯೯೧ರಲ್ಲಿ ‘ಶಾಂತಿ ಕ್ರಾಂತಿ’ಯನ್ನು ಕನ್ನಡ, ತೆಲುಗು, ತಮಿಳು, ಹಿಂದೀ ನಾಲ್ಕೂ ಭಾಷೆಗಳಲ್ಲಿ ತೆಗೆದರು, ತೆಲುಗಿಗೆ ನಾಗಾರ್ಜುನ, ತಮಿಳು ಹಿಂದೀಗಳಿಗೆ ರಜನೀಕಾಂತ. ವೆಚ್ಚವು ೧೦ ಕೋಟಿಯೆಂದು ಅಂದಿನಿಂದ ಹೇಳುತ್ತ ಬಂದಿರುವರು. ಕನ್ನಡದಲ್ಲಿ ಅಂತಹ ಮೊತ್ತವನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಚಿತ್ರವು ಮುಗ್ಗರಿಸಿತು. ವಿಚಿತ್ರವೇನೆಂದರೆ ಅದೇ ವರ್ಷ ಅವರೇ ನಾಯಕರಾಗಿದ್ದ ‘ರಾಮಾಚಾರಿ’ಯೆಂಬ ಸಾದಾ ಹಳ್ಳಿಯ ಚಿತ್ರವನ್ನು ಜನ ಮುಗಿಬಿದ್ದು ನೋಡಿದರು. ಆದರೆ ರವಿಚಂದ್ರನ್ನರ ವಿಷಯದಲ್ಲಿ ನಮಗೆ ಗೌರವವೇ ಹೆಚ್ಚು. ಅವರು ಪಣಕ್ಕಿಟ್ಟದ್ದು ತಮ್ಮ ಮನೆತನದ ಸಂಸ್ಥೆಯನ್ನು. ನಷ್ಟವನ್ನೂ ಮುಚ್ಚಿಡದೆ ತಾವೇ ಹೇಳಿಕೊಂಡಿರುವರು. ೨೦೨೪ರಲ್ಲಿ ‘ಮೆಗಲೋಪೋಲಿಸ್’ ಚಿತ್ರಕ್ಕಾಗಿ ಮುಪ್ಪಿನಲ್ಲಿ ತಮ್ಮ ದ್ರಾಕ್ಷಾರಸದ ಉದ್ಯಮದ ಪಾಲನ್ನು ಮಾರಿ ೧೨೦ ದಶಲಕ್ಷ ಡಾಲರು ಸುರಿದ ಫ್ರಾನ್ಸಿಸ್ ಕೊಪೋಲರೂ ಇದೇ ಜಾತಿಯವರು. ತಮ್ಮ ಆನೆಗೆ ತಾವೇ ಮೇವು ಹಾಕಿದವರು. ಅವರನ್ನು ಕೇಳುವ ಅಧಿಕಾರ ನಮಗಿಲ್ಲ.

ಎಲ್ಲರೂ ಹಾಗಲ್ಲವೆಂಬುದೇ ತೊಡಕು. ಚಿತ್ರದ ನಿರ್ಮಾಪಕನು ಬಡ್ಡಿಯ ಸಾಲವನ್ನು ತರುವನು. ಚಿತ್ರೀಕರಣವು ತಡವಾದ ಒಂದೊಂದು ದಿವಸಕ್ಕೂ ಬಡ್ಡಿ ಬೆಳೆಯುವದು. ಆ ಭಾರವನ್ನು ಅವನು ಪ್ರಾಂತಗಳ ಹಂಚಿಕೆದಾರರ ಮೇಲೆ ಇಳಿಸುವನು. ನಮ್ಮ ಕಡೆಯ ಪ್ರಾಂತಕ್ಕೆ ಬಹುಕಾಲದಿಂದ ಹುಬ್ಬಳ್ಳಿಯೇ ಪೇಟೆ. ಹಂಚಿಕೆದಾರನು ಅದನ್ನು ಊರೂರಿನ ಟಾಕೀಜಿನವರ ಮೇಲೆ ಇಳಿಸುವನು: ಚಿತ್ರ ಓಡಲಿ ಬಿಡಲಿ, ಮುಂಗಡವಾಗಿ ಇಂತಿಷ್ಟು ‘ಗ್ಯಾರಂಟಿ’ ಕಟ್ಟಬೇಕು. ದಿಗ್ದರ್ಶಕನ ಹೆಸರು ದೊಡ್ಡದಾದಷ್ಟೂ ಗ್ಯಾರಂಟಿಯೂ ದೊಡ್ಡದು. ಬೆಂಗಳೂರಿನಲ್ಲಿ ಮಾಡಿದ ಜೂಜಿನ ಕಡೆಯ ದಾಳವು ಹೀಗೆ ನಮ್ಮ ತಾಲೂಕಿನ ತಗಡಿನ ಚಪ್ಪರದಲ್ಲಿ ಬೀಳುವದು.

ಇದನ್ನು ನಾವು ಕೇಳಿ ಬರೆಯುತ್ತಿಲ್ಲ. ನಮ್ಮ ಸೋದರಮಾವನವರು ಹಾನಗಲ್ಲ ತಾಲೂಕಿನಲ್ಲಿ ಟೂರಿಂಗ ಟಾಕೀಜನ್ನು ನಡೆಯಿಸುತ್ತಿದ್ದರು. ಸುಗ್ಗಿಯಾದ ಮೇಲೆ ಡೇರೆ ಎದ್ದಿತೆಂದರೆ ಮಳೆಗಾಲದವರೆಗೆ ಅವರ ಮನೆಯಲ್ಲಿ ಚಿಲ್ಲರೆ ರೊಕ್ಕದ ಸಪ್ಪಳ. ಹಳೆಯ ಭಕ್ತಿಚಿತ್ರಗಳನ್ನು ಸ್ವಲ್ಪ ಬಾಡಿಗೆಗೆ ತಂದು ಸುಖವಾಗಿದ್ದರು. ಒಂದು ವರ್ಷ ಬಹು ಪ್ರಸಿದ್ಧರಾದ ದಿಗ್ದರ್ಶಕರೊಬ್ಬರ ಭಾರೀ ಚಿತ್ರವನ್ನು ಹಬ್ಬಕ್ಕೆ ತರಬೇಕೆಂಬ ಆಸೆಯು ಅವರನ್ನು ಹಿಡಿಯಿತು. ಅತ್ತೆಯವರ ಪಾಟಲಿಗಳನ್ನೂ ಊರ ಮುಂದಿನ ಎರಡು ಎಕರೆ ಗದ್ದೆಯನ್ನೂ ಅಡವಿಟ್ಟು ಗ್ಯಾರಂಟಿ ಕಟ್ಟಿದರು. “ಅವರ ಹೆಸರ ಸಾಕವ್ವಾ, ಜನ ಗ್ವಾಡಿ ಒಡದು ಬರ್ತಾರ” ಎಂದು ನಮ್ಮ ತಾಯಿಯವರ ಮುಂದೆ ಹೇಳಿದ್ದು ಇನ್ನೂ ನಮ್ಮ ಕಿವಿಯಲ್ಲಿದೆ. ಜನ ಎರಡು ದಿವಸ ಬಂದರು. ಮೂರನೆಯ ದಿವಸ ನಾವೇ ಹನ್ನೆರಡು ಮಂದಿ ಹುಡುಗರು ಪುಕ್ಕಟೆ ಕುಳಿತಿದ್ದೆವು. ಪಾಟಲಿಗಳು ಬಿಡಿಸಲ್ಪಡಲಿಲ್ಲ, ಗದ್ದೆಯನ್ನು ಬಿಡಿಸಿಕೊಳ್ಳಲು ಒಂಬತ್ತು ವರ್ಷ ಹಿಡಿಯಿತು. ಆ ದಿಗ್ದರ್ಶಕರಿಗೆ ಅಷ್ಟರಲ್ಲಿ ಇನ್ನೆರಡು ಭಾರೀ ಚಿತ್ರಗಳು ದೊರೆತಿದ್ದವು.

ಆದುದರಿಂದ ಮೊತ್ತವು ದೊಡ್ಡದೋ ಚಿಕ್ಕದೋ ಎಂಬುದಕ್ಕಿಂತ, ಬಿದ್ದರೆ ಯಾರ ಬೆನ್ನ ಮೇಲೆ ಬೀಳುವದೆಂಬುದನ್ನೇ ನಾವು ಮೊದಲು ಕೇಳುವೆವು. ಗೆದ್ದಾಗಲೂ ನಮ್ಮ ಸವಣೂರಿನ ಸ್ನೇಹಿತರಂತಹ ಗೃಹಸ್ಥರೇ ಅದನ್ನು ತುಂಬಿಕೊಡಬೇಕು. ೨೦೨೫ರ ಸಪ್ಟೆಂಬರದಲ್ಲಿ ರಾಜ್ಯಸರಕಾರವು ಟಿಕೀಟಿನ ದರವು ೨೦೦ ರೂಪಾಯಿಗಳನ್ನು ಮೀರಬಾರದೆಂದು ನಿಯಮ ಮಾಡಿತು. ಅದೇ ತಿಂಗಳಲ್ಲಿ ಉಚ್ಚನ್ಯಾಯಾಲಯವು ಅದಕ್ಕೆ ತಡೆ ಕೊಟ್ಟಿತು. ದರಕ್ಕೆ ಮಿತಿ ಬೇಕೆನ್ನುವವರಲ್ಲಿ ನಾವೂ ಒಬ್ಬರು. ಆದರೆ ೧೨೫ ಕೋಟಿಯ ಚಿತ್ರವನ್ನು ಹೊಗಳಿ ಕುಣಿಯುವವರೂ ನಾವೇ, ಅದರ ಟಿಕೀಟು ಅಗ್ಗವಾಗಬೇಕೆನ್ನುವವರೂ ನಾವೇ ಎಂಬುದನ್ನು ಒಪ್ಪಿಕೊಳ್ಳದೆ ಗತಿಯಿಲ್ಲ.

ಸೋದರಮಾವನವರ ಡೇರೆಯ ಕಬ್ಬಿಣದ ಕುರ್ಚಿಗಳು ಈಗ ಊರ ಮದುವೆ ಮುಂಜಿಗಳಿಗೆ ಹೋಗುತ್ತವೆ. ಗದ್ದೆ ಕೈಸೇರಿದ ವರ್ಷ ಅದೇ ದಿಗ್ದರ್ಶಕರ ಹೊಸ ಚಿತ್ರವೊಂದು ಹುಬ್ಬಳ್ಳಿಗೆ ಬಂದಿತ್ತು. ಮನೆಯಲ್ಲಿ ಗೊಬ್ಬರ ತರುವೆನೆಂದು ಹೇಳಿ ಹೋಗಿ, ಮೊದಲನೆಯ ಆಟವನ್ನೇ ನೋಡಿ ಬಂದರು. ಹೇಗಿತ್ತೆಂದು ನಾವು ಗುಟ್ಟಾಗಿ ಕೇಳಿದಾಗ, ಅತ್ತೆಯವರಿಗೆ ಕೇಳಿಸದಂತೆ, “ಭಾಳ ಚಲೋ ಮಾಡ್ಯಾರೋ” ಎಂದರು.