ಕ್ಯೂರಿಂಗ್ ನೀರು, ತೊಗರಿ ಹೊಲ

ಬೆಂಗಳೂರಿನ ಜೆ.ಪಿ. ನಗರ ಎಂಟನೇ ಹಂತದಿಂದ ಬನಶಂಕರಿ ಆರನೇ ಹಂತದವರೆಗೆ ಎಲ್ಲಿ ನೋಡಿದರೂ ಮೇಲೇಳುತ್ತಿರುವ ಮನೆಗಳು. ಬೆಳಗಿನ ಹೊತ್ತು ಹೊಸದಾಗಿ ಹಾಕಿದ ಮೋಲ್ಡಿನ ಮೇಲೆ ಹೆಂಗಸೊಬ್ಬಳು ಪೈಪು ಹಿಡಿದು ನೀರು ಬಿಡುತ್ತಿರುತ್ತಾಳೆ. ಗಾರೆಯಲ್ಲಿ ಕಟ್ಟಿದ ಪುಟ್ಟ ಬದುಗಳ ನಡುವೆ ನೀರು ನಿಂತು, ಮೂರನೇ ಮಹಡಿಯಲ್ಲೊಂದು ಗದ್ದೆ ಮಾಡಿದಂತೆ ಕಾಣುತ್ತದೆ. ಕಾಂಕ್ರೀಟು ಗಟ್ಟಿಯಾಗಲು ಈ ಕ್ಯೂರಿಂಗ್ ವಾರಕ್ಕೂ ಮಿಕ್ಕಿ ನಡೆಯಬೇಕು. ನಗರಗಳಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆ ಮೊಟ್ಟೆಯೊಡೆದು ರೆಕ್ಕೆ ಬಲಿತು ಹಾರಲಿಕ್ಕೂ ಹೆಚ್ಚುಕಡಿಮೆ ಅಷ್ಟೇ ದಿನ ಸಾಕು. ಅದಕ್ಕೆ ಚರಂಡಿ ಬೇಕಿಲ್ಲ, ತಿಳಿನೀರೇ ಇಷ್ಟ.

ಕೆಳಗೆ ತಗಡಿನ ಶೆಡ್ಡಿನ ಪಕ್ಕ ಮುಚ್ಚಳವಿಲ್ಲದ ಡ್ರಮ್ಮು. ಬಗ್ಗಿ ನೋಡಿದರೆ ಅನಾಫಿಲಿಸ್ ಮರಿಗಳು ನೀರಿನ ಮೇಲ್ಮೈಗೆ ಅಂಟಿಕೊಂಡು ಅಡ್ಡಡ್ಡ ಮಲಗಿರುತ್ತವೆ, ಬೇರೆ ಜಾತಿಯವು ತಲೆಕೆಳಗಾಗಿ ಜೋತಿರುತ್ತವೆ. ನೆರಳು ಬಿತ್ತೋ, ಎಲ್ಲವೂ ಕೊಂಕುತ್ತ ತಳ ಸೇರುತ್ತವೆ. 1883ರಲ್ಲಿ ಇದೇ ಬೆಂಗಳೂರಿನಲ್ಲಿ ಸೇನಾ ವೈದ್ಯರಾಗಿದ್ದ ರೊನಾಲ್ಡ್ ರಾಸ್, ನಿಂತ ನೀರು ತೆಗೆದರೆ ಸೊಳ್ಳೆಯ ಕಾಟ ತಗ್ಗುತ್ತದೆಂದು ಕಂಡುಕೊಂಡಿದ್ದರು. ಮಲೇರಿಯಾಕ್ಕೂ ಸೊಳ್ಳೆಗೂ ಇರುವ ನಂಟು ಸಿಕಂದರಾಬಾದಿನಲ್ಲಿ ಅವರಿಗೆ ಸಿಕ್ಕಿದ್ದು 1897ರಲ್ಲಿ.

ಆ ಶೆಡ್ಡಿನಲ್ಲಿ ಮಲಗುವವರನ್ನು ನಾವು ಕೂಲಿಯವರು ಅನ್ನುತ್ತೇವೆ. ಅವರಲ್ಲಿ ಎಷ್ಟೋ ಮಂದಿ ಯಾದಗಿರಿ, ರಾಯಚೂರು, ಕಲಬುರಗಿ ಕಡೆಯ ರೈತರು. ಮಳೆ ನಂಬಿದ ನಾಲ್ಕಾರು ಎಕರೆ, ಅದೂ ಕೆಲವರಿಗೆ ಲಾವಣಿಯದು. ಬೇಸಿಗೆಯಿಡೀ ಇಲ್ಲಿ ಇಟ್ಟಿಗೆ ಹೊತ್ತು ಉಳಿಸಿದ್ದು ಮುಂಗಾರಿಗೆ ತೊಗರಿ ಬೀಜ, ಹತ್ತಿ ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆಯಾಗಬೇಕು. ಸೊಳ್ಳೆ ಹೆಚ್ಚುವುದೂ ಸರಿಯಾಗಿ ಆ ಮಳೆಗೇ.

ವೈವ್ಯಾಕ್ಸ್ ಎಂಬ ಬಗೆಯ ಮಲೇರಿಯಾದಲ್ಲಿ ಚಳಿ ದಿನ ಬಿಟ್ಟು ದಿನ ಬರುತ್ತದೆ. ನಡುವಿನ ದಿನ ಮೈ ಹಗುರವಾಗಿ ಆಳು ಕೆಲಸಕ್ಕೆ ಹೋಗುತ್ತಾನೆ, ಮರುದಿನ ಗೋಣಿಚೀಲ, ಕಂಬಳಿ ಎಲ್ಲ ಹೊದ್ದರೂ ನಡುಕ ನಿಲ್ಲದು. ನೋಡಿಕೊಳ್ಳಲು ಕೂತ ಹೆಂಡತಿಯ ಕೂಲಿಯೂ ಹೋಯಿತು. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಮಾತ್ರೆ ಎರಡೂ ಉಚಿತ, ಆದರೆ ಅಲ್ಲಿ ಸಾಲಿನಲ್ಲಿ ನಿಂತರೆ ಇನ್ನೊಂದು ದಿನ ಹಾಳು. ಹಾಗಾಗಿ ಮೊದಲು ಮೂಲೆಯ ಕ್ಲಿನಿಕ್ಕು, ಒಂದು ಸೂಜಿ, ಒಂದು ಗ್ಲೂಕೋಸ್ ಬಾಟಲಿ. ದುಡ್ಡು ಮೇಸ್ತ್ರಿಯ ಮುಂಗಡ. ರೋಗ ಪೂರ್ತಿ ಹೋಗಲು ಕ್ಲೋರೋಕ್ವಿನ್ ಮಾತ್ರೆ 3 ದಿನ, ಪ್ರಿಮಾಕ್ವಿನ್ 14 ದಿನ ನುಂಗಬೇಕು. ಜ್ವರ ಬಿಟ್ಟೊಡನೆ ಮಾತ್ರೆಯೂ ನಿಂತರೆ, ಯಕೃತ್ತಿನಲ್ಲಿ ಅಡಗಿದ ರೋಗಾಣು ತಿಂಗಳುಗಳು ಕಳೆದ ಮೇಲೂ ಮತ್ತೆ ಏಳಬಹುದು. ಆಗ ಅವನು ಊರಲ್ಲಿ ಹತ್ತಿ ಬಿಡಿಸುತ್ತಿರಬಹುದು.

ರಾಜ್ಯದಲ್ಲಿ ಮಲೇರಿಯಾ ಬಹಳ ತಗ್ಗಿದೆ, ನಿಜ. ಜ್ವರ ಹೊಕ್ಕ ಮನೆಗೆ ಅದರಿಂದೇನು ಸಮಾಧಾನ? ಬೀಜದ ದುಡ್ಡು ಬರಲಿಲ್ಲವೆಂದರೆ ಹಸಿ ಆರಿಹೋಗುವ ಮೊದಲು ಸಾಹುಕಾರನ ಬಾಗಿಲಿಗೆ ಹೋಗಬೇಕು, ಇಲ್ಲವೇ ತಡವಾಗಿ ಬಿತ್ತಿ ಕಡಿಮೆ ಬೆಳೆಯಬೇಕು. ಒಂದು ಸೊಳ್ಳೆಪರದೆಯ ಬೆಲೆ ಗಾರೆಯವನ ಒಂದು ದಿನದ ಕೂಲಿಯಷ್ಟೂ ಇಲ್ಲ. ಅಷ್ಟನ್ನು ಮನೆ ಕಟ್ಟಿಸುವವರು ಕೊಡಬೇಕು. ವಾರಕ್ಕೊಮ್ಮೆ ಡ್ರಮ್ಮು ಬರಿದು ಮಾಡಿ ಉಜ್ಜಿಸಬೇಕು. ರಕ್ತ ಪರೀಕ್ಷೆ ಮಾಡುವವರು ಶೆಡ್ಡಿಗೇ ಬರಲಿ, ಕೂಲಿ ತಪ್ಪದಂತೆ, ಕತ್ತಲಾದ ಮೇಲೆ.