ನೆರಳು ಕೇಳಿದಷ್ಟೇ ಫ್ಲ್ಯಾಶ್

ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ಫೋಟೊಗ್ರಾಫರ್ ಫ್ಲ್ಯಾಶ್ ಹೊಡೆಯುವುದನ್ನು ನೋಡಿದವರು ‘ಇಷ್ಟು ಬೆಳಕಿರುವಾಗ ಅದೇಕೆ?’ ಎಂದು ಕೇಳುತ್ತಾರೆ. ಬಿಸಿಲು ಬಿರುಸಾದಷ್ಟೂ ನೆರಳು ಕಪ್ಪಾಗುತ್ತದೆ, ಅದಕ್ಕೆ. ನೆತ್ತಿಯ ಮೇಲಿನ ಸೂರ್ಯ ಹಣೆಯನ್ನೂ ಮೂಗಿನ ತುದಿಯನ್ನೂ ಬೆಳಗಿ, ಕಣ್ಣುಗಳನ್ನು ಹುಬ್ಬಿನಡಿಯ ಕತ್ತಲಿಗೆ ತಳ್ಳಿಬಿಡುತ್ತಾನೆ. ಎದುರಿಗೆ ನಿಂತು ನೋಡುವ ನಮಗೆ ಇದು ತೊಡಕಲ್ಲ. ನಮ್ಮ ಕಣ್ಣು ನೆರಳಿಗೂ ಬಿಸಿಲಿಗೂ ಕ್ಷಣಕ್ಷಣಕ್ಕೆ ಹೊಂದಿಕೊಳ್ಳುತ್ತಾ ಹೋಗುತ್ತದೆ. ಕ್ಯಾಮೆರಾ ಒಂದು ಚಿತ್ರಕ್ಕೆ ಒಂದೇ ಅಳತೆಯಲ್ಲಿ ಬೆಳಕು ತೆಗೆದುಕೊಳ್ಳುತ್ತದೆ. ಬಿಸಿಲಿಗೆ ಸರಿಹೊಂದಿಸಿದರೆ ನೆರಳು ಮಸಿ, ನೆರಳಿಗೆ ಸರಿಹೊಂದಿಸಿದರೆ ಬಿಸಿಲು ಸುಣ್ಣ. ಆ ಎರಡರ ನಡುವಿನ ಅಂತರವನ್ನು ಕಡಿಮೆ ಮಾಡುವ ಕೆಲಸವೇ ಫಿಲ್ ಫ್ಲ್ಯಾಶ್. ಚಿತ್ರ ತೆಗೆಯುವವರ ಸಂಯಮ ಇಷ್ಟು ಚೆನ್ನಾಗಿ ಗೊತ್ತಾಗುವ ಇನ್ನೊಂದು ಜಾಗ ಈ ಕಸುಬಿನಲ್ಲಿ ಇಲ್ಲವೆಂದೇ ನನ್ನ ಎಣಿಕೆ.

ಮಲೆನಾಡಿನ ಒಂದು ಮನೆಯ ಜಗಲಿಯನ್ನೇ ತೆಗೆದುಕೊಳ್ಳೋಣ. ಅಜ್ಜಿ ಕಂಬಕ್ಕೊರಗಿ ಕೂತಿದ್ದಾರೆ. ಹಿಂದೆ ಅಂಗಳ, ಅಲ್ಲಿ ಒಣಹಾಕಿದ ಅಡಿಕೆ, ಅದರ ಮೇಲೆ ಸುರಿಯುವ ಬಿಸಿಲು. ಅಜ್ಜಿಯೂ ಬೇಕು, ಅಡಿಕೆಯೂ ಬೇಕು. ಅನುಭವವುಳ್ಳವರು ಮೊದಲು ಫ್ಲ್ಯಾಶ್ ಮುಟ್ಟುವುದಿಲ್ಲ. ಅದನ್ನು ಆಫ್ ಮಾಡಿಟ್ಟು ಅಂಗಳದ ಬೆಳಕನ್ನು ಅಳೆಯುತ್ತಾರೆ. ಐಎಸ್‌ಒ 100 ಇಟ್ಟರೆ ಅಂಥ ಬಿಸಿಲಿಗೆ ಹೆಚ್ಚುಕಡಿಮೆ ಅಪರ್ಚರ್ ಎಫ್/11, ಶಟರ್ ಸೆಕೆಂಡಿನ 1/200 ಸರಿಹೋಗುತ್ತದೆ. ಹೀಗೆ ಒಂದು ಚಿತ್ರ ತೆಗೆದರೆ ಅಡಿಕೆಯ ಬಣ್ಣ ಸೊಗಸಾಗಿ ಬರುತ್ತದೆ, ಅಜ್ಜಿ ಮಾತ್ರ ಕಪ್ಪು ಆಕಾರವಾಗುತ್ತಾರೆ. ಸೂರಿನ ನೆರಳಲ್ಲಿರುವ ಅವರ ಮುಖ ಅಂಗಳಕ್ಕಿಂತ ಮೂರು ಸ್ಟಾಪ್ ಕಡಿಮೆ ಇದೆ ಎಂದುಕೊಳ್ಳಿ. ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ; ಅಂದರೆ ಅಲ್ಲಿರುವುದು ಅಂಗಳದ ಬೆಳಕಿನ ಎಂಟರಲ್ಲೊಂದು ಪಾಲು.

ಈಗ ಫ್ಲ್ಯಾಶಿನ ಸರದಿ. ಹೊಸಬರು ಆ ಮೂರು ಸ್ಟಾಪನ್ನೂ ಪೂರ್ತಿ ತುಂಬಲು ಹೋಗುತ್ತಾರೆ. ಆಗ ಮುಖ ಅಂಗಳದಷ್ಟೇ ಬೆಳಗುತ್ತದೆ, ಜಗಲಿ ಜಗಲಿಯಾಗಿ ಉಳಿಯುವುದಿಲ್ಲ. ಬೇರೆಲ್ಲೋ ತೆಗೆದ ಮುಖವನ್ನು ಕತ್ತರಿಸಿ ಅಂಟಿಸಿದಂತೆ ಕಾಣುತ್ತದೆ. ನೆರಳಲ್ಲಿ ಕೂತವರು ನೆರಳಲ್ಲಿ ಕೂತವರಂತೆಯೇ ಕಾಣಬೇಕು. ಅದಕ್ಕೇ ಬಲ್ಲವರು ಫ್ಲ್ಯಾಶನ್ನು ಒಂದು ಸ್ಟಾಪ್, ಕೆಲವೊಮ್ಮೆ ಎರಡು ಸ್ಟಾಪ್ ಕಡಿಮೆಗೆ ಇಳಿಸುತ್ತಾರೆ. ಲೆಕ್ಕ ಸುಲಭ. ಫ್ಲ್ಯಾಶಿನ ಶಕ್ತಿಯನ್ನು ಹೇಳುವ ಗೈಡ್ ನಂಬರ್ ಎಂದರೆ ದೂರ ಮತ್ತು ಎಫ್ ಸಂಖ್ಯೆಗಳ ಗುಣಲಬ್ಧ. ಅಜ್ಜಿ ಎರಡೂವರೆ ಮೀಟರ್ ದೂರದಲ್ಲಿದ್ದಾರೆ. ಕ್ಯಾಮೆರಾ ಎಫ್/11ರಲ್ಲಿದೆ, ಫ್ಲ್ಯಾಶ್ ಎಫ್/8ಕ್ಕೆ ಸಾಲುವಷ್ಟು ಕೊಟ್ಟರೆ ಒಂದು ಸ್ಟಾಪ್ ಕಡಿಮೆಯಾಯಿತು. ಎಂಟನ್ನು ಎರಡೂವರೆಯಿಂದ ಗುಣಿಸಿದರೆ 20. ಗೈಡ್ ನಂಬರ್ ಅರ್ಧವಾಗಲು ಶಕ್ತಿ ಕಾಲು ಭಾಗಕ್ಕಿಳಿಯಬೇಕು; ಹಾಗಾಗಿ ಪೂರ್ಣ ಶಕ್ತಿಯಲ್ಲಿ 40 ಇರುವ ಫ್ಲ್ಯಾಶು 1/4 ಶಕ್ತಿಯಲ್ಲಿ ಸರಿಯಾಗಿ 20 ಕೊಡುತ್ತದೆ. ಫ್ಲ್ಯಾಶಿನ ಅರ್ಧ ಪಾಲಿಗೆ ಮೊದಲೇ ಇದ್ದ ಎಂಟರಲ್ಲೊಂದು ಸೇರಿ, ಅಂಗಳದ ಬೆಳಕಿನ ಅರ್ಧಕ್ಕಿಂತ ತುಸು ಹೆಚ್ಚು ಅಜ್ಜಿಯ ಮುಖಕ್ಕೆ ಸಿಗುತ್ತದೆ. ಸುಕ್ಕುಗಳು ಉಳಿಯುತ್ತವೆ, ಮೂಗುಬೊಟ್ಟು ಮಿನುಗುತ್ತದೆ, ಕಣ್ಣಲ್ಲೊಂದು ಬೆಳಕಿನ ಚುಕ್ಕೆ ಮೂಡುತ್ತದೆ. ಆ ಚುಕ್ಕೆ ಇಲ್ಲದ ಕಣ್ಣು ಎಷ್ಟೇ ಶಾರ್ಪ್ ಇದ್ದರೂ ಮಂಕು.

ಈ ಕಸುಬಿನ ಬೀಗದ ಕೈ ಇರುವುದು ಶಟರಿನಲ್ಲಿ. ಫ್ಲ್ಯಾಶಿನ ಮಿಂಚು ಸಾಮಾನ್ಯವಾಗಿ ಸೆಕೆಂಡಿನ ಸಾವಿರದಲ್ಲೊಂದು ಭಾಗ, ಶಕ್ತಿ ತಗ್ಗಿಸಿದರೆ ಅದಕ್ಕಿಂತಲೂ ಕಡಿಮೆ ಹೊತ್ತು ಇರುತ್ತದೆ. ಶಟರ್ 1/200 ತೆರೆದಿದ್ದರೂ 1/50 ತೆರೆದಿದ್ದರೂ ಫ್ಲ್ಯಾಶಿನಿಂದ ಬರುವ ಬೆಳಕು ಅಷ್ಟೇ. ಬಿಸಿಲು ಹಾಗಲ್ಲ, ತೆರೆದಷ್ಟು ಹೊತ್ತೂ ಒಳಗೆ ಬರುತ್ತಲೇ ಇರುತ್ತದೆ. ಆದ್ದರಿಂದ ಅಪರ್ಚರ್ ಮತ್ತು ಐಎಸ್‌ಒ ಎರಡೂ ಬೆಳಕನ್ನು ಒಟ್ಟಿಗೆ ಏರಿಸಿ ಇಳಿಸುತ್ತವೆ. ಶಟರ್ ಅಂಗಳವನ್ನು ಮಾತ್ರ ಬದಲಿಸುತ್ತದೆ. ಫ್ಲ್ಯಾಶಿನ ಶಕ್ತಿ ಅಜ್ಜಿಯನ್ನು ಮಾತ್ರ. ಒಂದೇ ಚಿತ್ರದೊಳಗೆ ಎರಡು ಬೆಳಕನ್ನು ಬೇರೆಬೇರೆಯಾಗಿ ಹಿಡಿದು ನಡೆಸಬಹುದು ಎಂಬುದು ಅರಿವಾದ ದಿನದಿಂದ ಫೋಟೊಗ್ರಾಫರ್ ನೋಡುವ ರೀತಿಯೇ ಬೇರೆಯಾಗುತ್ತದೆ.

ಹಾಗೆಂದು ಶಟರನ್ನು ಮನಸ್ಸಿಗೆ ಬಂದಷ್ಟು ಚುರುಕು ಮಾಡುವಂತಿಲ್ಲ. ಇಂದಿನ ಬಹುತೇಕ ಕ್ಯಾಮೆರಾಗಳಲ್ಲಿ ಸೆನ್ಸರಿನ ಮುಂದೆ ಎರಡು ಪರದೆಗಳಿವೆ. ಒಂದು ತೆರೆಯುತ್ತಾ ಹೋಗುತ್ತದೆ, ಇನ್ನೊಂದು ಹಿಂದೆಯೇ ಮುಚ್ಚುತ್ತಾ ಬರುತ್ತದೆ. ಸುಮಾರು 1/200 ಅಥವಾ 1/250ರವರೆಗೆ ಸೆನ್ಸರ್ ಪೂರ್ತಿ ತೆರೆದಿರುವ ಕ್ಷಣವೊಂದು ಸಿಗುತ್ತದೆ, ಅದನ್ನೇ ಸಿಂಕ್ ಸ್ಪೀಡ್ ಎನ್ನುವುದು. ಅದನ್ನು ಮೀರಿದರೆ ಎರಡನೆಯ ಪರದೆ ಆಗಲೇ ಹೊರಟಿರುತ್ತದೆ. ಮಿಂಚು ಅದಕ್ಕೆ ಬಡಿದು ಚಿತ್ರದ ಒಂದು ಪಟ್ಟಿ ಕಪ್ಪಾಗುತ್ತದೆ. ಫಿಲ್ಮಿನ ಕಾಲದಲ್ಲಿ ಈ ಮಿತಿ ಇನ್ನೂ ಬಿಗಿ. ಪೆಂಟ್ಯಾಕ್ಸ್ ಕೆ1000 ಕ್ಯಾಮೆರಾದ ಸಿಂಕ್ ಬರೀ 1/60. ಆ ವೇಗಕ್ಕೆ ಇಳಿದರೆ ಬಿಸಿಲಲ್ಲಿ ಅಪರ್ಚರ್ ಎಫ್/22ರ ಹತ್ತಿರ ಹೋಗಬೇಕು, ಅಲ್ಲಿಗೆ ಸಣ್ಣ ಫ್ಲ್ಯಾಶು ಒಂದು ಮೀಟರ್ ಆಚೆ ಮುಟ್ಟುವುದೇ ಕಷ್ಟ. ಯಾಶಿಕಾ ಮ್ಯಾಟ್ 124ಜಿ ಇದ್ದವರಿಗೆ ಈ ತಲೆನೋವಿರಲಿಲ್ಲ; ಅದರ ಶಟರ್ ಲೆನ್ಸಿನೊಳಗೇ ಇದ್ದುದರಿಂದ 1/500ರಲ್ಲೂ ಫ್ಲ್ಯಾಶ್ ಕೆಲಸ ಮಾಡುತ್ತಿತ್ತು. ಈಗ ಹೈಸ್ಪೀಡ್ ಸಿಂಕ್ ಬಂದಿದೆ. ಫ್ಲ್ಯಾಶು ಒಮ್ಮೆಗೇ ಮಿಂಚದೆ ಪರದೆಗಳು ಓಡುವಷ್ಟು ಹೊತ್ತೂ ಪಟಪಟನೆ ಮಿಡಿಯುತ್ತದೆ. ಆದರೆ ಶಕ್ತಿಯ ದೊಡ್ಡ ಪಾಲು ಅಲ್ಲೇ ಸೋರಿಹೋಗುವುದರಿಂದ ಹತ್ತಿರ ಹೋಗಿ ತೆಗೆಯದೆ ವಿಧಿಯಿಲ್ಲ.

ಬೆಳಕಿನ ಪ್ರಮಾಣ ಹೊಂದಿದರೆ ಸಾಲದು, ಬಣ್ಣವೂ ಹೊಂದಬೇಕು. ಫ್ಲ್ಯಾಶಿನ ಬೆಳಕು ಸುಮಾರು 5500 ಕೆಲ್ವಿನ್, ನಡುಹಗಲಿನ ಬಿಸಿಲಿಗೆ ಹತ್ತಿರ. ಅದಕ್ಕೇ ಮಧ್ಯಾಹ್ನ ಎರಡೂ ಜಗಳವಿಲ್ಲದೆ ಬೆರೆಯುತ್ತವೆ. ಸಂಜೆ ಹೊನ್ನಿನ ಬಣ್ಣದ ಬಿಸಿಲಲ್ಲಿ ಅದೇ ಫ್ಲ್ಯಾಶ್ ಹೊಡೆದರೆ ಸುತ್ತೆಲ್ಲ ಬಂಗಾರ, ಮುಖ ಮಾತ್ರ ಸುಣ್ಣ ಬಳಿದಂತೆ. ಫ್ಲ್ಯಾಶಿನ ಮುಂದೆ ತೆಳು ಕಿತ್ತಳೆ ಬಣ್ಣದ ಪಾರದರ್ಶಕ ಹಾಳೆ, ಅಂದರೆ ಜೆಲ್, ಕಟ್ಟಿದರೆ ಸರಿಹೋಗುತ್ತದೆ. ಮದುವೆಮನೆಯಲ್ಲಿ ವಿಡಿಯೊದವರ ಹ್ಯಾಲೊಜೆನ್ ದೀಪ ಉರಿಯುತ್ತಿದ್ದರೆ ಇನ್ನೂ ಗಾಢ ಜೆಲ್ ಬೇಕು, ಆ ದೀಪ 3200 ಕೆಲ್ವಿನ್ ಆಸುಪಾಸು. ಚಿಟಿಕೆ ಗಾತ್ರದ ಈ ಜೆಲ್ ತುಂಡುಗಳನ್ನು ಜೇಬಲ್ಲಿಟ್ಟುಕೊಳ್ಳುವವರು ಕಡಿಮೆ. ಅಂಥವರ ಆಲ್ಬಂ ತೆರೆದ ಕೂಡಲೇ ಗುರುತು ಸಿಗುತ್ತದೆ.

ಹೊರಗಿನಿಂದ ತಂದ ಬೆಳಕನ್ನು ಇದ್ದ ಬೆಳಕಿನೊಳಗೆ ಕರಗಿಸುವ ಈ ಹಂಬಲ ಸಿನಿಮಾದಲ್ಲೂ ಇತ್ತು. 1956ರ ‘ಅಪರಾಜಿತೊ’ ಚಿತ್ರಕ್ಕೆ ಛಾಯಾಗ್ರಾಹಕ ಸುಬ್ರತ ಮಿತ್ರ ಕಾಶಿಯ ಮನೆಯ ಒಳಾಂಗಳವನ್ನು ಸ್ಟುಡಿಯೊದಲ್ಲಿ ಬೆಳಗಬೇಕಿತ್ತು. ಅವರು ಸೆಟ್ಟಿನ ಮೇಲೆ ಬಿಳಿ ಬಟ್ಟೆ ಬಿಗಿದು, ಕೆಳಗಿನಿಂದ ದೀಪಗಳನ್ನು ಅದಕ್ಕೆ ಹಾಯಿಸಿ, ಮರಳಿ ಬೀಳುವ ಮೆದು ಬೆಳಕಿನಲ್ಲಿ ಚಿತ್ರೀಕರಿಸಿದರು. ನೋಡುವಾಗ ಅದು ಆಕಾಶದ ಬೆಳಕೆಂದೇ ಅನಿಸುತ್ತದೆ. ಫ್ಲ್ಯಾಶನ್ನು ಬಿಳಿ ಗೋಡೆಗೆ ಬೌನ್ಸ್ ಮಾಡುವವರೂ, ಎಡಗೈಯಲ್ಲಿ ಎತ್ತಿ ಕ್ಯಾಮೆರಾದಿಂದ ದೂರ ಹಿಡಿಯುವವರೂ ಮಾಡುತ್ತಿರುವುದು ಅದೇ ಜಾತಿಯ ಕೆಲಸ.

1988ರಲ್ಲಿ ನಿಕಾನ್ ಎಫ್-801 ಕ್ಯಾಮೆರಾ ಮತ್ತು ಎಸ್‌ಬಿ-24 ಫ್ಲ್ಯಾಶ್ ಬಂದವು; ಅಂಥ ಜೋಡಿಗಳಲ್ಲಿ ಫಿಲ್ ಫ್ಲ್ಯಾಶಿನ ಲೆಕ್ಕವನ್ನು ಯಂತ್ರವೇ ಮಾಡುತ್ತಿತ್ತು. ಲೆನ್ಸಿನ ಮೂಲಕ ಬಂದ ಬೆಳಕನ್ನು ಅಳೆದು ಫ್ಲ್ಯಾಶಿನ ಶಕ್ತಿ ನಿರ್ಧರಿಸುವ ಇಂದಿನ ಟಿಟಿಎಲ್ ಇನ್ನೂ ಜಾಣ. ಆದರೂ ಬಿಳಿ ಪಂಚೆ, ಬಿಳಿ ಶರ್ಟು ಚೌಕಟ್ಟನ್ನು ತುಂಬಿದರೆ ಅದು ಮೋಸಹೋಗಿ ಬೆಳಕು ತಗ್ಗಿಸುತ್ತದೆ, ಕಡುಬಣ್ಣದ ರೇಷ್ಮೆ ಸೀರೆ ಕಂಡರೆ ಏರಿಸುತ್ತದೆ. ಜನ ಕೂತಲ್ಲೇ ಕೂತಿದ್ದರೆ ಮ್ಯಾನ್ಯುಯಲ್ ಮೋಡೇ ಮೇಲು, ಓಡಾಡುತ್ತಿದ್ದರೆ ಟಿಟಿಎಲ್ ಇರಲಿ.

ನಿಮ್ಮ ಕೈಯಲ್ಲೂ ಫ್ಲ್ಯಾಶ್ ಇರುವ ಕ್ಯಾಮೆರಾ ಇದ್ದರೆ ಮುಂದಿನ ಭಾನುವಾರ ಮನೆಯವರೊಬ್ಬರನ್ನು ಜಗಲಿಯಲ್ಲೋ ಬಾಲ್ಕನಿಯಲ್ಲೋ ಹೊರಗಿನ ಬಿಸಿಲಿಗೆ ಬೆನ್ನು ಮಾಡಿ ಕೂರಿಸಿ. ಹೊರಗಿನ ಬೆಳಕಿಗೆ ಕ್ಯಾಮೆರಾ ಹೊಂದಿಸಿ. ಫ್ಲ್ಯಾಶಿನ ಬೆಳಕನ್ನು ಸ್ಟಾಪ್ ಲೆಕ್ಕದಲ್ಲಿ ಏರಿಳಿಸುವ ಕಾಂಪೆನ್ಸೇಶನ್ ಅನ್ನು ಸೊನ್ನೆ, ಮೈನಸ್ ಒಂದು, ಮೈನಸ್ ಎರಡು ಇಟ್ಟು ಮೂರು ಚಿತ್ರ ತೆಗೆದು, ಫ್ಲ್ಯಾಶ್ ಹಾಕಿದ್ದು ಗೊತ್ತಿಲ್ಲದವರಿಗೆ ತೋರಿಸಿ. ಅವರು ಆರಿಸಿದ ಚಿತ್ರದ ಅಂಕಿಯಿಂದಲೇ ಅಭ್ಯಾಸ ಶುರುಮಾಡಿ.